ಪಟದ ಚೌಕಟ್ಟಿಗೆ ಜೋಡಿ ಪಟ್ಟಿ ಎಲ್ಲಿ?

ಮೂಡಿಗೆರೆ, ಕಳಸ, ಕುದುರೆಮುಖ ಕಡೆಯ ಹಳೆಯ ಮನೆಗಳ ಜಗುಲಿಯಲ್ಲಿ, ಬಾಗಿಲ ಮೇಲ್ಭಾಗದ ಗೋಡೆಯಲ್ಲಿ, ಸಾಲಾಗಿ ತೂಗುಹಾಕಿದ ಪಟಗಳು ಇಂದಿಗೂ ಕಾಣಸಿಗುತ್ತವೆ. ಲಕ್ಷ್ಮಿ, ಸರಸ್ವತಿ, ಶ್ರೀರಾಮ ಪಟ್ಟಾಭಿಷೇಕ; ಅವುಗಳ ಪಕ್ಕದಲ್ಲಿ ಮನೆ ಕಟ್ಟಿಸಿದ ಅಜ್ಜ, ಮದುವೆಯ ದಿನ ಕುರ್ಚಿಯ ಮೇಲೆ ಕೂತ ಅಜ್ಜಿ. ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯ ಕಪ್ಪುಗಂದು ಮರದ ಕಟ್ಟು. ಈ ಸಾಲಿನ ಒಂದು ಪಟದ ಕಟ್ಟಿಗೆ ಗೆದ್ದಲು ಹಿಡಿದರೆ, ಇಲ್ಲವೇ ಮೊಳೆ ಕಿತ್ತು ಬಿದ್ದು ಒಂದು ಮಗ್ಗುಲು ಸೀಳಿದರೆ, ರಿಪೇರಿ ಅರ್ಧ ದಿನದ ಕೆಲಸವೆಂದು ಮನೆಯವರು ಎಣಿಸುತ್ತಾರೆ. ಆದರೆ ಪಟವನ್ನು ಪೇಟೆಗೆ ಒಯ್ದು, ಇದೇ ತರಹದ ಮರದ ಪಟ್ಟಿ ನಾಲ್ಕಡಿ ಬೇಕು ಎಂದು ಕೇಳಿದಾಗ ನಿಜವಾದ ತೊಡಕು ಶುರುವಾಗುತ್ತದೆ. ಅಂಗಡಿಯಲ್ಲಿ ನೂರಾರು ಮಾದರಿಯ ಪಟ್ಟಿಗಳು ಇರುತ್ತವೆ; ಕೇಳಿದ್ದೊಂದೇ ಇರುವುದಿಲ್ಲ.

ನಾಲ್ಕಡಿ ಮರ ಸಿಗದಿರುವುದಕ್ಕೆ ಅಂಗಡಿಯವರ ಉದಾಸೀನ ಕಾರಣವಲ್ಲ. ಹಳೆಯ ಕಟ್ಟಿಗೆ ಹೊಸ ಪಟ್ಟಿ ಹೊಂದಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು: ಮರದ ಜಾತಿ, ಪಟ್ಟಿಯ ಆಕಾರ, ಮತ್ತು ವಯಸ್ಸು ತಂದ ಬಣ್ಣ. ಮಲೆನಾಡಿನಲ್ಲಿ ಈ ಮೂರೂ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಕಾರಣಕ್ಕೆ ಕೈತಪ್ಪಿವೆ. ಯಾವುದು ಏಕೆ ತಪ್ಪಿತು ಎಂದು ತಿಳಿದರೆ ಯಾವುದನ್ನು ಮರಳಿ ಪಡೆಯಬಹುದು, ಯಾವುದಕ್ಕೆ ಆಸೆ ಪಡಬಾರದು ಎಂಬುದೂ ತಿಳಿಯುತ್ತದೆ.

ಪಟ ಗೋಡೆಗೆ ಬಂದ ಬಗೆ

ಮರದ ಕಟ್ಟು, ಮುಂದೆ ಗಾಜು, ಹಿಂದೆ ಹಲಗೆ ಇರುವ ಪಟ ನಮ್ಮ ಮನೆಗಳಿಗೆ ತೀರಾ ಹಳೆಯದಲ್ಲ. ದೇವರ ಚಿತ್ರ ಮೊದಲು ಗೋಡೆಯ ಮೇಲೇ ಬರೆಯುವಂಥದು, ಇಲ್ಲವೇ ಹಲಗೆಯ ಮೇಲೆ, ಬಟ್ಟೆಯ ಮೇಲೆ ಬರೆಸುವಂಥದು. ಅದನ್ನು ಬರೆಸುವ ಶಕ್ತಿ ಅರಮನೆಗೆ, ಮಠಕ್ಕೆ, ಸಿರಿವಂತರಿಗೆ ಮಾತ್ರ ಇತ್ತು. ಕಾಗದದ ಮೇಲೆ ಅಚ್ಚಾದ ಬಣ್ಣದ ಚಿತ್ರ ಬಂದ ಮೇಲೆ ಈ ಲೆಕ್ಕ ಬದಲಾಯಿತು.

ರಾಜಾ ರವಿವರ್ಮ (1848–1906) 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಅದು ಕೆಲವೇ ವರ್ಷಗಳಲ್ಲಿ ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರಗೊಂಡು, ಬಳಿಕ ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಶ್ಲೈಕರ್ ಕೈಗೆ ಹೋಯಿತು. 1972ರ ಬೆಂಕಿಯಲ್ಲಿ ಕಾರ್ಖಾನೆ ನಾಶವಾಯಿತು. ಆದರೆ ಅಷ್ಟರಲ್ಲಿ ಅದರ ಲಕ್ಷ್ಮಿ, ಸರಸ್ವತಿಯರು ದೇಶದ ಮೂಲೆಮೂಲೆಯ ಮನೆಗಳನ್ನು ತಲುಪಿಯಾಗಿತ್ತು. ತೈಲಚಿತ್ರದ ಹೊಳಪು ಬರಲೆಂದು ಮೇಲೆ ವಾರ್ನಿಷ್ ಬಳಿಯುತ್ತಿದ್ದ ಈ ಚಿತ್ರಗಳನ್ನು ಓಲಿಯೋಗ್ರಾಫ್ ಎಂದು ಕರೆಯುತ್ತಾರೆ. ಕಾಗದದ ಚಿತ್ರ ಮಡಿಚಿದರೆ ಹರಿಯುತ್ತದೆ, ಹೊಗೆಗೆ ಕಪ್ಪಾಗುತ್ತದೆ, ಜಿರಲೆಗೆ ಆಹಾರವಾಗುತ್ತದೆ. ಆದ್ದರಿಂದ ಚಿತ್ರ ಕೊಂಡವರು ಕಟ್ಟು ಹಾಕಿಸಲೇಬೇಕಾಯಿತು.

ಕಟ್ಟು ಹಾಕುವ ಕಸುಬು ಚಿತ್ರಗಳ ವ್ಯಾಪಾರವನ್ನೇ ಬೆಳೆಸಿದ ಉದಾಹರಣೆಯೂ ಉಂಟು. 1920ರ ದಶಕದಲ್ಲಿ ಕರಾಚಿಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತಿದ್ದ ಬ್ರಿಜ್‌ಬಾಸಿ ಸಹೋದರರು ಜರ್ಮನಿಯಲ್ಲಿ ದೇವರ ಚಿತ್ರಗಳನ್ನು ಅಚ್ಚು ಹಾಕಿಸಿ ತಂದು ಮಾರತೊಡಗಿದರು. ಮುಂದೆ ಅದು ದೇಶದ ದೊಡ್ಡ ಚಿತ್ರ ಪ್ರಕಾಶನ ಸಂಸ್ಥೆಗಳಲ್ಲಿ ಒಂದಾಯಿತು. ದೇವರ ಪಟಗಳ ಜೊತೆಗೇ ಫೋಟೋಗಳೂ ಬಂದವು. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ಮನೆಗೆ ಮಾಡಿಸಿದ ಹೊಸ ವಸ್ತುಗಳ ಜೊತೆಗೆ ಮನೆಮಂದಿಯ ಫೋಟೋಕ್ಕೂ ಒಂದು ಕಟ್ಟು ಬಿತ್ತು. ಒಂದೇ ಸಲಕ್ಕೆ, ಒಬ್ಬನೇ ಆಚಾರಿಯ ಕೈಯಲ್ಲಿ, ಒಂದೇ ದಿಮ್ಮಿಯ ಮರದಲ್ಲಿ ನಾಲ್ಕಾರು ಕಟ್ಟು ಮಾಡಿಸಿದರೆ ಅವು ಸಹಜವಾಗಿಯೇ ಜೋಡಿಯಾದವು. ಇಂದು ಹೊಂದಿಸಲು ಕಷ್ಟವಾಗುತ್ತಿರುವುದು ಅಂದು ಪ್ರಯತ್ನವಿಲ್ಲದೆ ಒದಗಿದ ಈ ಹೊಂದಿಕೆಯನ್ನೇ.

ಇದು ಯಾವ ಮರ?

ಕಪ್ಪಾಗಿರುವ ಕಟ್ಟನ್ನೆಲ್ಲ ಬೀಟೆಯೆಂದು ಹೇಳುವುದು ರೂಢಿ. ಹಲವು ಸಲ ಅದು ತಪ್ಪು. ಒಲೆಯ ಹೊಗೆ, ದೀಪದ ಎಣ್ಣೆ, ವರ್ಷಕ್ಕೊಮ್ಮೆ ಒರೆಸಿದ ಕೈ, ಎಲ್ಲ ಸೇರಿ ಯಾವ ಮರವನ್ನಾದರೂ ಕಪ್ಪು ಮಾಡಬಲ್ಲವು. ಹಳದಿ ಬಣ್ಣದ ಹಲಸು ಕಾಲಕ್ರಮದಲ್ಲಿ ಕಂದಾಗುತ್ತದೆ. ತೇಗ ಗಾಢವಾಗುತ್ತದೆ. ಬೀಟೆಯ ನಡೆ ಇದಕ್ಕೆ ತಿರುಗುಮುರುಗು: ನೇರಳೆಗಂದು ಬಣ್ಣದ ಈ ಮರ ಬಿಸಿಲಿಗೆ ಒಡ್ಡಿಕೊಂಡರೆ ವರ್ಷ ಕಳೆದಂತೆ ತಿಳಿಯಾಗುತ್ತದೆ.

ಆದ್ದರಿಂದ ಪಟ್ಟಿ ಹುಡುಕಲು ಹೊರಡುವ ಮೊದಲು ಕಟ್ಟಿನ ಹಿಂಬದಿಯಲ್ಲಿ, ಯಾರಿಗೂ ಕಾಣದ ಕಡೆ, ಬೆರಳಗಲ ಜಾಗವನ್ನು ಮೆಲ್ಲಗೆ ಕೆರೆದು ನೋಡಬೇಕು. ಬೀಟೆ ಕೈಗೆ ಭಾರ; ಒಣಗಿದ ಬೀಟೆ ಘನ ಮೀಟರಿಗೆ ಸುಮಾರು 850 ಕಿಲೋ ತೂಗಿದರೆ ತೇಗ 650 ಕಿಲೋದ ಹತ್ತಿರ ನಿಲ್ಲುತ್ತದೆ. ಹೊಸದಾಗಿ ಕೆರೆದಾಗ ಬೀಟೆಗೆ ನವಿರಾದ ಸಿಹಿ ವಾಸನೆ ಇರುತ್ತದೆ, ತೇಗಕ್ಕೆ ಎಣ್ಣೆಯ ಜಿಡ್ಡು. ಹೊನ್ನೆಯಾದರೆ ಅದರ ಚೂರು ನೆನೆಸಿದ ನೀರನ್ನು ಬೆಳಕಿಗೆ ಹಿಡಿದಾಗ ನೀಲಿ ಹೊಳಪು ಕಾಣುತ್ತದೆ. ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಹೊನ್ನೆ ಮರದ ಲೋಟದಲ್ಲಿ ನೀರಿಟ್ಟವರು ಇದನ್ನು ಗಮನಿಸಿರಬಹುದು.

ಮೇಲಿನ ಹೊಳಪೂ ಪರೀಕ್ಷೆಗೆ ಯೋಗ್ಯ. ಹಳೆಯ ಕಟ್ಟುಗಳಿಗೆ ಸಾಮಾನ್ಯವಾಗಿ ಹಚ್ಚುತ್ತಿದ್ದುದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶ್. ಹಿಂಬದಿಯಲ್ಲಿ ಒಂದು ತೊಟ್ಟು ಸ್ಪಿರಿಟ್ ತಾಗಿಸಿದಾಗ ಹೊಳಪು ಅಂಟಂಟಾದರೆ ಅದು ಅರಗು. ಇದನ್ನು ತಿಳಿಯುವುದರಿಂದ ಲಾಭವಿದೆ. ಹೊಸ ಪಟ್ಟಿಗೂ ಅರಗಿನ ಪಾಲಿಶ್ ಹಚ್ಚಿದರೆ ಬಣ್ಣ ಹತ್ತಿರ ಬರುತ್ತದೆ, ಬೇಡವಾದಾಗ ಸ್ಪಿರಿಟ್‌ನಿಂದ ತೆಗೆಯಲೂ ಬರುತ್ತದೆ. ಈಗಿನ ಗಟ್ಟಿ ಲೇಪಗಳನ್ನು ಹಾಗೆ ಸುಲಭವಾಗಿ ತೆಗೆಯಲಾಗದು.

ದೇಗುಲದ ತಳದಲ್ಲಿರುವ ವ್ಯಾಕರಣ

ಮರದ ಜಾತಿ ತಿಳಿದ ಮೇಲೆ ಬರುವುದು ಆಕಾರ. ಕಟ್ಟಿನ ಪಟ್ಟಿಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಅದರ ಏರಿಳಿತಗಳು ಕಾಣುತ್ತವೆ: ಒಂದು ಚಪ್ಪಟೆ ಅಂಚು, ಆಮೇಲೆ ಉಬ್ಬಿದ ಅರೆಗೋಲ, ನಡುವೆ ತಗ್ಗು, ಮತ್ತೆ ಬಳುಕಿ ಇಳಿಯುವ ಬಾಗು, ಕೊನೆಗೆ ಗಾಜು ಕೂರುವ ಒಳಗಿನ ಮೆಟ್ಟಿಲು. ಅಂಗಡಿಯವರು ಇದನ್ನು ಒಟ್ಟಾಗಿ ಮೋಲ್ಡಿಂಗ್ ಎನ್ನುತ್ತಾರೆ.

ಯುರೋಪಿನಿಂದ ಬಂದ ಮಾತಾದರೂ ಇದರ ಹಿಂದಿನ ವಿಚಾರ ಈ ಜಿಲ್ಲೆಗೆ ಹೊಸದಲ್ಲ. ಚಿಕ್ಕಮಗಳೂರು ತಾಲ್ಲೂಕಿನ ಬೆಳವಾಡಿಯಲ್ಲಾಗಲಿ, ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇಗುಲದಲ್ಲಾಗಲಿ ಗೋಡೆಯ ತಳಭಾಗವನ್ನು ನೋಡಿದವರಿಗೆ ಒಂದರ ಮೇಲೊಂದು ಕೂತ ಕಲ್ಲಿನ ಪಟ್ಟಿಕೆಗಳು ನೆನಪಿರುತ್ತವೆ. ಶಿಲ್ಪಶಾಸ್ತ್ರ ಇಂಥ ಪಟ್ಟಿಕೆಗಳಿಗೆಲ್ಲ ಹೆಸರಿಟ್ಟಿದೆ. ಉಬ್ಬಿದ್ದು ಕುಮುದ, ಒಳಸರಿದ ತಗ್ಗು ಕಂಠ, ಕಮಲದ ಎಸಳಿನಂತೆ ಬಳುಕಿದ್ದು ಪದ್ಮ, ಚಪ್ಪಟೆಯಾದದ್ದು ಪಟ್ಟಿಕಾ, ಹೊರಚಾಚಿ ಬಾಗಿದ್ದು ಕಪೋತ. ಬೆಳಕು ಮೇಲಿಂದ ಬಿದ್ದಾಗ ಉಬ್ಬು ಹೊಳೆದು ತಗ್ಗು ನೆರಳಾಗುತ್ತದೆ. ಆ ನೆರಳಿನ ಗೆರೆಗಳೇ ಕಣ್ಣಿಗೆ ಕಾಣುವ ಅಂದ. ಪಟದ ಕಟ್ಟಿನಲ್ಲಿ ನಡೆಯುವುದೂ ಇದೇ. ಹೊಸ ಪಟ್ಟಿಯ ಅಗಲ, ಬಣ್ಣಗಳೆರಡೂ ಸರಿಯಿದ್ದು, ತಗ್ಗು ಒಂದು ನೂಲಿನಷ್ಟು ಆಳ ಕಡಿಮೆಯಾದರೂ ಸಾಲಿನಲ್ಲಿ ಅದು ಬೇರೆಯಾಗಿಯೇ ಕಾಣುವುದು ನೆರಳು ಬೇರೆ ಬೀಳುವುದರಿಂದ.

ಹಿಂದೆ ಈ ಆಕಾರವನ್ನು ಕೈಯಿಂದ ತೆಗೆಯುತ್ತಿದ್ದರು. ಅಲಗನ್ನು ಬೇಕಾದ ಬಾಗಿಗೆ ತಕ್ಕಂತೆ ಮಸೆದ ಹತ್ತರಿಗಳು ಆಚಾರಿಗಳ ಬಳಿ ಇರುತ್ತಿದ್ದವು. ಒಬ್ಬರ ಹತ್ತರಿಯ ಬಾಗು ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲ. ಹೀಗಾಗಿ ಒಂದೂರಿನ ಕಟ್ಟುಗಳಿಗೆ ಒಂದು ಮುಖ, ಪಕ್ಕದೂರಿನದಕ್ಕೆ ಇನ್ನೊಂದು ಮುಖ. ಯಂತ್ರ ಬಂದ ಮೇಲೆ ಪಟ್ಟಿಯನ್ನು ಕಾರ್ಖಾನೆಯಲ್ಲೇ ಕೊರೆದು, ಪಾಲಿಶ್ ಹಚ್ಚಿ, ಅಡಿ ಲೆಕ್ಕದಲ್ಲಿ ಮಾರುವ ಪದ್ಧತಿ ಬಂತು. ಯಂತ್ರದ ಅಲಗನ್ನು ಒಂದು ಮಾದರಿಗೆ ಹೊಂದಿಸಲು ತಗಲುವ ಸಮಯ, ಖರ್ಚು ನಾಲ್ಕಡಿಗೂ ಒಂದೇ, ನಾಲ್ಕು ಸಾವಿರ ಅಡಿಗೂ ಒಂದೇ. ನಾಲ್ಕಡಿ ಕೇಳಿದವರಿಗೆ ಇಲ್ಲವೆನ್ನುವುದಕ್ಕೆ ಇದೇ ಕಾರಣ. ಹಳೆಯ ಹತ್ತರಿಗಳು ಅಟ್ಟ ಸೇರಿದ ದಿನವೇ ಆ ಊರಿನ ಮಾದರಿಯೂ ನಿಂತುಹೋಯಿತೆನ್ನಬೇಕು.

ಕಾಡು ಹತ್ತಿರ, ಮರ ದೂರ

ಸುತ್ತಲೂ ಕಾಡಿರುವ ಊರಿನಲ್ಲಿ ನಾಲ್ಕಡಿ ಬೀಟೆಗೆ ಬರವೇ ಎಂದು ಹೊರಗಿನವರು ಕೇಳುವುದುಂಟು. ಮೊದಲನೆಯದಾಗಿ, ಕುದುರೆಮುಖದ ಹುಲ್ಲುಗಾವಲು, ಶೋಲಾ ಕಾಡುಗಳು ತೇಗ, ಬೀಟೆಗಳ ತವರಲ್ಲ. ಅವು ಪೂರ್ವಕ್ಕೆ, ಭದ್ರಾ–ಲಕ್ಕವಳ್ಳಿ ಕಡೆಯ ಎಲೆ ಉದುರುವ ಕಾಡಿನ ಮರಗಳು. ಕಾಫಿ ತೋಟಗಳಲ್ಲಿ ನೆರಳಿಗಾಗಿ ಉಳಿಸಿಕೊಂಡ ಬೀಟೆಗಳೂ ಇವೆ.

ಎರಡನೆಯದು ಕಾನೂನು. ಖಾಸಗಿ ಜಮೀನಿನ ಮರ ಕಡಿಯಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಬೀಟೆ, ತೇಗದ ನಾಟಾ ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಕುದುರೆಮುಖದ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿ ಬಿದ್ದು ಒಣಗಿದ ಮರವನ್ನೂ ಅನುಮತಿಯಿಲ್ಲದೆ ಹೊರತರುವಂತಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶವು ದೇಶದಾದ್ಯಂತ ಅರಣ್ಯಗಳಲ್ಲಿ ಮರ ಕಡಿಯುವುದಕ್ಕೆ ತಡೆ ಹಾಕಿ, ಸಾಮಿಲ್ಲುಗಳ ಮೇಲೂ ಹಿಡಿತ ಬಿಗಿ ಮಾಡಿತು. ಕುದುರೆಮುಖದ ಅದಿರು ಗಣಿಯೇ ಇದೇ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಅದಿರಿಗೆ ಸಿಗದ ವಿನಾಯಿತಿ ಪಟದ ಪಟ್ಟಿಗೆ ಸಿಗಲೆಂದು ಬಯಸುವುದು ನ್ಯಾಯವಲ್ಲ.

ಬೀಟೆಯ ವಿಷಯದಲ್ಲಿ ಈ ಬಿಗಿ ಅಗತ್ಯವೂ ಹೌದು. ಇದು ನಿಧಾನವಾಗಿ ಬೆಳೆಯುವ ಮರ. ಒಳಗಿನ ಕಪ್ಪು ಚೇಗು ಕೂಡಲು ದಶಕಗಳು ಬೇಕು. ವನ್ಯಜೀವಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದಲ್ಲಿ ಬೀಟೆಯ ಕುಲಕ್ಕೆ ಸೇರಿದ ಬಹುತೇಕ ಎಲ್ಲ ಮರಗಳೂ 2017ರ ಜನವರಿ 2ರಿಂದ ಎರಡನೆಯ ಅನುಬಂಧದಲ್ಲಿ ಸೇರಿವೆ. ಸಿದ್ಧ ವಸ್ತುವಿನಲ್ಲಿರುವ ಮರದ ತೂಕ 10 ಕಿಲೋದೊಳಗಿದ್ದರೆ ವಿನಾಯಿತಿ ಉಂಟಾದರೂ, ಹೊರದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಪಟ ಕಳಿಸುವವರು ಆಗಿನ ನಿಯಮವೇನೆಂದು ಕೇಳಿಕೊಂಡೇ ಕಳಿಸುವುದು ಒಳ್ಳೆಯದು.

ನ್ಯಾಯವಾಗಿ ಮರ ಪಡೆಯುವ ದಾರಿಗಳು ಇಲ್ಲವೆಂದಲ್ಲ. ಅರಣ್ಯ ಇಲಾಖೆಯ ನಾಟಾ ಡಿಪೊಗಳಲ್ಲಿ ಹರಾಜಾದ ಮರ ಪರವಾನಗಿ ಇರುವ ವ್ಯಾಪಾರಿಗಳಲ್ಲಿ ರಸೀದಿಯೊಂದಿಗೆ ಸಿಗುತ್ತದೆ. ಬೀಟೆಯ ಪೀಠೋಪಕರಣ ಮಾಡುವವರಲ್ಲಿ, ಮೈಸೂರಿನ ಬೀಟೆ ಕುಸುರಿಯ ಕಸುಬಿನವರಲ್ಲಿ ಕತ್ತರಿಸಿ ಉಳಿದ ತುಂಡುಗಳಿರುತ್ತವೆ. ಪಟದ ಕಟ್ಟಿಗೆ ದಿಮ್ಮಿ ಬೇಡ, ಎರಡಡಿ ಉದ್ದದ ತುಂಡುಗಳೇ ಸಾಕು. ಹಳೆ ಮನೆ ಕೆಡವಿದಾಗ ಸಿಗುವ ಮರವೂ ಉಂಟು. ಅದು ಚೆನ್ನಾಗಿ ಒಣಗಿದ್ದು, ಬಣ್ಣವೂ ಮಾಗಿರುವುದರಿಂದ ಹಳೆಯ ಕಟ್ಟಿಗೆ ಇದರಷ್ಟು ಹತ್ತಿರದ ಬಂಧು ಬೇರೆಯಿಲ್ಲ. ಆದರೆ ಅದನ್ನು ಊರಿಂದೂರಿಗೆ ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಮಳೆಗಾಲದ ಬಿರುಕು, ಬೇಸಿಗೆಯ ಬಿರುಕು

ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಗಾಳಿಯ ತೇವ ಶೇ 90ರಷ್ಟಿದ್ದಾಗ ಮರದೊಳಗಿನ ನೀರಿನಂಶ ಶೇ 20ರ ಹತ್ತಿರ ಹೋಗುತ್ತದೆ. ಗಾಳಿಯ ತೇವ ಶೇ 50ಕ್ಕೆ ಇಳಿದಾಗ ಅದು ಶೇ 9ರ ಆಸುಪಾಸಿಗೆ ಬರುತ್ತದೆ. ನೀರು ಕುಡಿದ ಮರ ಅಡ್ಡಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಇದರ ಪೆಟ್ಟು ಬೀಳುವುದು 45 ಡಿಗ್ರಿ ಓರೆಯಲ್ಲಿ ಕೂಡಿಸಿದ ಮೂಲೆಗಳಿಗೆ. ಮರ ಉಬ್ಬಿದಾಗ ಮೂಲೆಯ ಹೊರತುದಿ ಬಿಟ್ಟುಕೊಳ್ಳುತ್ತದೆ, ಕುಗ್ಗಿದಾಗ ಒಳತುದಿ ಬಿಟ್ಟುಕೊಳ್ಳುತ್ತದೆ. ಮೂಲೆಯ ಬಿರುಕು ಯಾವ ಕಡೆಗಿದೆ ಎಂದು ನೋಡಿದರೆ ಕಟ್ಟು ಮಾಡಿದಾಗಿನ ಮರ ಈಗಿಗಿಂತ ಹಸಿಯಾಗಿತ್ತೋ ಒಣಗಿತ್ತೋ ಹೇಳಬಹುದು.

ಬೇರೆ ಊರಿನ ಒಣ ಹವೆಯಲ್ಲಿ ಇಟ್ಟಿದ್ದ ಪಟ್ಟಿಯನ್ನು ತಂದು ಜುಲೈ ತಿಂಗಳಲ್ಲಿ ಕಳಸದ ಮನೆಯ ಕಟ್ಟಿಗೆ ಅದೇ ದಿನ ಕೂಡಿಸಿದರೆ, ಹಳೆಯ ಮೂರು ಮಗ್ಗುಲು ಉಬ್ಬಿ ನಿಂತಿರುವಾಗ ಹೊಸದು ಆಮೇಲೆ ಉಬ್ಬತೊಡಗುತ್ತದೆ. ಕೂಡಿಸಿದ ಮೂಲೆ ತಿಂಗಳೊಳಗೆ ಬಾಯಿ ಬಿಡುತ್ತದೆ. ಹೊಸ ಪಟ್ಟಿಯನ್ನು ಎರಡು ಮೂರು ವಾರ ಅದೇ ಕೋಣೆಯಲ್ಲಿ ಇಟ್ಟು, ಮಳೆ ಕಳೆದ ಮೇಲೆ ಕೂಡಿಸುವುದು ಮೇಲು. ತೇವದ ಊರಿನಲ್ಲಿ ಪಟ ಗೋಡೆಗೆ ಅಂಟಿಕೊಂಡಿರಲೂ ಬಾರದು. ಹಿಂಬದಿಯ ಕೆಳಮೂಲೆಗಳಿಗೆ ಕಾಲಿಂಚು ದಪ್ಪದ ಎರಡು ಮರದ ಚೂರು ಅಂಟಿಸಿದರೆ ಗಾಳಿಯಾಡಿ, ಬೂಷ್ಟು ಮತ್ತು ಗೆದ್ದಲಿನ ಕಾಟ ತಗ್ಗುತ್ತದೆ. ಕುಟ್ಟೆ ಹುಳು ಹಿಡಿಯುವುದು ಹೆಚ್ಚಾಗಿ ಮರದ ಹೊರಭಾಗದ ಬಿಳಿಗೆ. ಕೊಳ್ಳುವಾಗ ಬಿಳಿ ಇಲ್ಲದ, ಪೂರಾ ಚೇಗಿನ ತುಂಡನ್ನೇ ಆರಿಸಬೇಕು.

ಅಳತೆ, ಅಚ್ಚು, ಗರಗಸದ ತುಂಡು

ಆಕಾರದ ಅಚ್ಚು ತೆಗೆಯುವಲ್ಲಿ ಬಹಳಷ್ಟು ಜನ ಮಾಡುವ ತಪ್ಪೊಂದಿದೆ. ಕಟ್ಟು ಬಿಚ್ಚಿದಾಗ ಕಾಣುವ ಓರೆ ತುದಿಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. 45 ಡಿಗ್ರಿಯಲ್ಲಿ ಕೊಯ್ದ ತುದಿ ನಿಜವಾದ ಅಗಲಕ್ಕಿಂತ 1.41 ಪಟ್ಟು ಹೆಚ್ಚು ಅಗಲವಾಗಿ ಕಾಣುತ್ತದೆ; ಎರಡಿಂಚಿನ ಪಟ್ಟಿ ಎರಡೂಮುಕ್ಕಾಲು ಇಂಚು ದಾಟುತ್ತದೆ. ದಪ್ಪ ಮಾತ್ರ ಇದ್ದಷ್ಟೇ ಇರುತ್ತದೆ. ಆ ಗೆರೆಯಂತೆ ಕೊರೆದ ಪಟ್ಟಿ ಹೊಂದುವುದೇ ಇಲ್ಲ. ಆದ್ದರಿಂದ ಪಟ್ಟಿಯ ನಡುಭಾಗದಲ್ಲಿ ತೆಳು ಪ್ಲಾಸ್ಟಿಕ್ ಹಾಸಿ, ಮೆತ್ತನೆಯ ಜೇಡಿಮಣ್ಣನ್ನಾಗಲಿ ಗಟ್ಟಿ ಕಣಕವನ್ನಾಗಲಿ ಒತ್ತಿ ತೆಗೆದು, ಆ ಅಚ್ಚನ್ನು ನೇರ ಅಡ್ಡಕ್ಕೆ ಕೊಯ್ದು ಗೆರೆ ಎಳೆಯಬೇಕು. ಗಾಜು ಕೂರುವ ಮೆಟ್ಟಿಲಿನ ಅಗಲ, ಆಳಗಳನ್ನು ಬೇರೆಯಾಗಿ ಬರೆದುಕೊಳ್ಳಬೇಕು. ಜರಿ, ಬಟ್ಟೆ, ಚಮಕಿ ಹೊದಿಸಿದ ಹಳೆಯ ದೇವರ ಪಟಗಳು ದಪ್ಪನಾಗಿರುವುದರಿಂದ ಅವಕ್ಕೆ ಮೆಟ್ಟಿಲು ಹೆಚ್ಚು ಆಳವಿರಬೇಕು. ಈಗಿನ ಸಿದ್ಧ ಪಟ್ಟಿಗಳಲ್ಲಿ ಅಷ್ಟು ಆಳ ಸಿಗುವುದು ಅಪರೂಪ.

ಉದ್ದದ ಲೆಕ್ಕ ಸುಲಭ. ಚಿತ್ರದ ಉದ್ದಗಲಗಳನ್ನು ಕೂಡಿಸಿ ಎರಡು ಪಟ್ಟು ಮಾಡಿ, ಪಟ್ಟಿಯ ಅಗಲದ ಎಂಟು ಪಟ್ಟನ್ನು ಸೇರಿಸಬೇಕು. 12 ಇಂಚು ಅಗಲ, 16 ಇಂಚು ಎತ್ತರದ ಚಿತ್ರಕ್ಕೆ ಎರಡಿಂಚಿನ ಪಟ್ಟಿಯಾದರೆ 56ಕ್ಕೆ 16 ಸೇರಿ 72 ಇಂಚು, ಅಂದರೆ ಆರಡಿ. ಗರಗಸಕ್ಕೆ ಹೋಗುವುದು, ಕೆಡುವುದು ಎಂದು ಒಂದಡಿ ಹೆಚ್ಚಿಟ್ಟುಕೊಂಡರೆ ಸಾಕು. ನಾಲ್ಕು ಪಟಕ್ಕೆ ಹೊಸ ಕಟ್ಟು ಹಾಕಿಸುವವರು ನಾಲ್ಕಕ್ಕೂ ಒಂದೇ ದಿನ ಕೊಳ್ಳಬೇಕು. ಅದೇ ನಂಬರಿನ ಪಟ್ಟಿ ಮುಂದಿನ ಸಲ ಬಂದಾಗ ಬಣ್ಣ ಬೇರೆಯಾಗಿರುವುದು ಸಾಮಾನ್ಯ.

ಒಂದೇ ಮಗ್ಗುಲು ಹಾಳಾಗಿದ್ದರೆ ಯಂತ್ರದ ಗೊಡವೆಯೇ ಬೇಡ. ಹಳೆ ಗರಗಸದ ಒಂದು ತುಂಡನ್ನು ಅರದಿಂದ ಉಜ್ಜಿ, ಬೇಕಾದ ಆಕಾರದ ತಿರುಗುಮುರುಗು ರೂಪ ಕೊಟ್ಟು, ಮರದ ಹಿಡಿಯಲ್ಲಿ ಬಿಗಿದು, ಪಟ್ಟಿಯ ಉದ್ದಕ್ಕೂ ಮತ್ತೆ ಮತ್ತೆ ಎಳೆದರೆ ಸ್ವಲ್ಪಸ್ವಲ್ಪವಾಗಿ ಆಕಾರ ಮೂಡುತ್ತದೆ. ಬೀಟೆಯಂಥ ಗಟ್ಟಿ, ಎಳೆ ತಿರುಚಿದ ಮರಕ್ಕೆ ಹತ್ತರಿಗಿಂತ ಈ ಕೆರೆಯುವ ವಿಧಾನವೇ ಒಗ್ಗುತ್ತದೆ, ಸೀಳು ಏಳುವುದಿಲ್ಲ. ಎರಡಡಿ ಪಟ್ಟಿ ಮಾಡಲು ನುರಿತ ಆಚಾರಿಗೆ ಇದು ಸಾಧ್ಯವಾದ ಕೆಲಸ. ಅಗಲವಾದ, ಏರಿಳಿತ ಹೆಚ್ಚಿರುವ ಪಟ್ಟಿಯನ್ನು ಎರಡು ಮೂರು ಸಣ್ಣ ಪಟ್ಟಿಗಳಾಗಿ ಬೇರೆಬೇರೆ ಮಾಡಿ ಅಂಟಿಸಿಯೂ ಹೊಂದಿಸಬಹುದು. ಹೊಸ ಮಗ್ಗುಲನ್ನು ಕೂಡಿಸುವಾಗ ಒಂದು ಉಪಾಯವಿದೆ. ಕಟ್ಟಿನ ಮೇಲಿನ, ಕೆಳಗಿನ ಪಟ್ಟಿಗಳು ಒಂದೇ ಅಳತೆಯವು. ಎತ್ತರದಲ್ಲಿ ಮುಂದಕ್ಕೆ ಬಾಗಿಸಿ ತೂಗುಹಾಕಿದ ಪಟದಲ್ಲಿ ಕಣ್ಣಿಗೆ ಹತ್ತಿರವಿರುವುದು ಕೆಳಗಿನ ಪಟ್ಟಿ. ಹಳೆಯ ಚೆನ್ನಾದ ಪಟ್ಟಿಯನ್ನು ಕೆಳಕ್ಕೆ ತಂದು ಹೊಸದನ್ನು ಮೇಲಕ್ಕೆ ಹಾಕಿದರೆ ವ್ಯತ್ಯಾಸ ಬಹುತೇಕ ಕಾಣುವುದಿಲ್ಲ.

ಗುಜರಿಯಲ್ಲಿ ಸಿಗುವ ಚಿತ್ರವಿಲ್ಲದ ಹಳೆಯ ದೊಡ್ಡ ಕಟ್ಟುಗಳಿಂದಲೂ ಪಟ್ಟಿ ಒದಗುತ್ತದೆ. ಅದರ ಕೆಟ್ಟ ಮೂಲೆಗಳನ್ನು ಕತ್ತರಿಸಿದರೆ ಸಣ್ಣ ಪಟಕ್ಕೆ ಸಾಕಾಗುವಷ್ಟು ಒಳ್ಳೆಯ ಮರ ಉಳಿದಿರುತ್ತದೆ.

ಇಂದಿನ ಅಂಗಡಿಯ ಪಟ್ಟಿ

ಇಂದು ಫ್ರೇಮ್ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಮರವೇ ಅಲ್ಲ. ಅದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಪ್ಯಾಕಿಂಗ್‌ಗೆ ಬಳಸಿ ಎಸೆದ ಥರ್ಮೋಕೋಲನ್ನು ಕರಗಿಸಿ ಮಾಡಿದ ಪಟ್ಟಿಗಳೂ ಇದರಲ್ಲಿ ಸೇರಿವೆ. ಮೇಲೆ ಮರದ ಎಳೆಯಂತೆ ಕಾಣುವ ಹಾಳೆ ಒತ್ತಿರುತ್ತಾರೆ. ಇದನ್ನು ಸುಮ್ಮನೆ ಹಳಿಯುವುದು ಸರಿಯಲ್ಲ. ಇದಕ್ಕೆ ಗೆದ್ದಲು ಹತ್ತುವುದಿಲ್ಲ, ಮಳೆಗೆ ಉಬ್ಬುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಮಲೆನಾಡಿನ ಹವೆಗೆ ಇವೆಲ್ಲ ದೊಡ್ಡ ಗುಣಗಳೇ. ಆದರೆ ಬೆಂಕಿ ತಗುಲಿದರೆ ಬೇಗ ಉರಿಯುವ ವಸ್ತುವಾದ್ದರಿಂದ ದೇವರ ದೀಪದ ಬಳಿಯ ಪಟಕ್ಕೆ ಇದು ತಕ್ಕದ್ದಲ್ಲ. ಮೂರು ಮಗ್ಗುಲು ಬೀಟೆ, ಒಂದು ಮಗ್ಗುಲು ಇದು ಎಂಬ ಕೂಡಿಕೆಯೂ ಆಗದು.

ಮರವೇ ಬೇಕೆನ್ನುವವರಿಗೆ ಕಾಫಿ ತೋಟದಲ್ಲೇ ಒಂದು ಉತ್ತರವಿದೆ. ಆಸ್ಟ್ರೇಲಿಯದಿಂದ ಬಂದು ನೆರಳಿಗೆ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಸಿಲ್ವರ್ ಓಕ್, 1976ರ ಕಾಯ್ದೆಯು ಅನುಮತಿಯ ಷರತ್ತಿನಿಂದ ಹೊರಗಿಟ್ಟ ಜಾತಿಗಳಲ್ಲಿ ಒಂದು. ಬಹುಕಾಲ ಪ್ಲೈವುಡ್‌ಗೂ ಪೆಟ್ಟಿಗೆಗೂ ಮಾತ್ರ ಬಳಕೆಯಾದ ಈ ಮರವನ್ನು ಸರಿಯಾದ ದಿಕ್ಕಿನಲ್ಲಿ ಸೀಳಿದರೆ ಕಸೂತಿಯಂಥ ಚುಕ್ಕೆಗಳ ವಿನ್ಯಾಸ ಕಾಣುತ್ತದೆ. ಚೆನ್ನಾಗಿ ಒಣಗಿಸಿ ಬಳಸಿದರೆ ಪಟದ ಕಟ್ಟಿಗೆ ಅದು ಏನೂ ಕಡಿಮೆಯಲ್ಲ. ಬೀಟೆಯ ಬಣ್ಣ ಬಳಿದು ಅದನ್ನು ಬೀಟೆಯೆಂದು ತೋರಿಸುವುದಕ್ಕಿಂತ, ಇಡೀ ಸಾಲಿಗೆ ಸಿಲ್ವರ್ ಓಕಿನದೇ ಹೊಸ ಕಟ್ಟು ಹಾಕಿಸುವುದು ಹೆಚ್ಚು ಅಂದ. ಪೇಟೆಯಲ್ಲಿ ಸಿಗುವ ಎಳೆಯ ತೋಟದ ತೇಗಕ್ಕೂ ಈ ಮಾತು ಸಲ್ಲುತ್ತದೆ. ಅದರ ಬಣ್ಣ ತಿಳಿ, ಎಳೆ ಅಗಲ. ಎಂಬತ್ತು ವರ್ಷದ ತೇಗದ ಪಕ್ಕದಲ್ಲಿ ಅದು ಹೊಸದೆಂದು ಕೂಡಲೇ ತಿಳಿಯುತ್ತದೆ.

ಎಷ್ಟು ಹೊಂದಿದರೆ ಸಾಕು?

ಜೋಡಿ ಸಿಗಲಿಲ್ಲವೆಂಬ ಬೇಸರದಲ್ಲಿ ಹಲವರು ಹಳೆಯ ಕಟ್ಟನ್ನೇ ಒಲೆಗೆ ಹಾಕಿ, ಹಿಂದಿನ ಹಲಗೆಯನ್ನೂ ಎಸೆದು, ಚಿತ್ರವನ್ನು ಹೊಸ ಕಟ್ಟಿಗೆ ಸೇರಿಸುತ್ತಾರೆ. ಹೆಚ್ಚಿನ ನಷ್ಟ ಆಗುವುದು ಇಲ್ಲಿಯೇ. ಕಟ್ಟು ಹಾಕಿದ ಅಂಗಡಿಯ ಚೀಟಿ, ತಾರೀಖು, ಫೋಟೋದಲ್ಲಿರುವವರ ಹೆಸರು, ಯಾರು ಯಾರಿಗೆ ಕೊಟ್ಟದ್ದೆಂಬ ಬರಹ, ಇವೆಲ್ಲ ಇರುವುದು ಹಿಂಬದಿಯಲ್ಲಿ. ಮನೆ ಪಾಲಾಗಿ ಪಟಗಳು ನಾಲ್ಕು ಕಡೆ ಹಂಚಿಹೋದ ಕುಟುಂಬಗಳಲ್ಲಿ ಎಷ್ಟೋ ಸಲ ಅಷ್ಟೇ ಉಳಿದಿರುವ ದಾಖಲೆ. ಪಟ ಬಿಚ್ಚುವ ಮುನ್ನ ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದಿಟ್ಟುಕೊಳ್ಳಬೇಕು. ಹುಳು ಹಿಡಿದ ಹಲಗೆಯನ್ನು ಬದಲಿಸಲೇಬೇಕಾದರೆ ಚೀಟಿಯನ್ನಾದರೂ ಬಿಡಿಸಿಟ್ಟುಕೊಳ್ಳಬೇಕು. ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಕಿತ್ತೆಳೆಯದೆ ಬಲ್ಲವರಲ್ಲಿಗೆ ಒಯ್ಯಬೇಕು. ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವೂ, ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವೂ ಇಂಥ ವಿದ್ಯೆಯ ನೆಲೆಗಳು.

ಹಳೆಯದನ್ನು ಆದಷ್ಟು ಉಳಿಸು, ಹೊಸದನ್ನು ಬೇಕಾದಷ್ಟೇ ಸೇರಿಸು, ಸೇರಿಸಿದ್ದನ್ನು ಮುಂದೆ ಬಿಚ್ಚಲು ಬರುವಂತಿಡು ಎಂಬುದು ಸಂರಕ್ಷಣಾ ತಜ್ಞರು ಪಾಲಿಸುವ ನಿಯಮ. ಘಟ್ಟದ ಕೆಳಗೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಮತ್ತೆ ಜೋಡಿಸಿ ಕಟ್ಟಿದ ಪಾರಂಪರಿಕ ಗ್ರಾಮ, ಒಂದೊಂದು ತೊಲೆ, ಕಂಬವನ್ನೂ ಅದರದೇ ಜಾಗಕ್ಕೆ ಮರಳಿಸುವ ತಾಳ್ಮೆ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ. ಶೆಣೈ 2017ರಲ್ಲಿ ತೀರಿಕೊಂಡರು. ಮನೆಗೆ ಸಲ್ಲುವ ಆ ನಿಯಮ ಪಟದ ಕಟ್ಟಿಗೂ ಸಲ್ಲುತ್ತದೆ.

ಹಾಗೆ ನೋಡಿದರೆ ಪೂರ್ತಿ ಹೊಂದುವ ಪಟ್ಟಿ ಸಿಗಲೇಬೇಕೆಂಬ ಹಟ ಬೇಕಿಲ್ಲ. ಆಕಾರವನ್ನು ಕೈಕೆಲಸದಿಂದ ಮರಳಿ ಪಡೆಯಬಹುದು. ಮರದ ಜಾತಿಯನ್ನು ರಸೀದಿಯಿರುವ ತುಂಡಿನಿಂದಲೋ ಹಳೆ ಕಟ್ಟಿನಿಂದಲೋ ಒದಗಿಸಿಕೊಳ್ಳಬಹುದು. ವಯಸ್ಸಿನ ಬಣ್ಣ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ, ಬಳಿದು ತರಿಸಿದರೆ ಬಹುದಿನ ನಿಲ್ಲುವುದೂ ಇಲ್ಲ. ಅದನ್ನು ಕಾಲಕ್ಕೇ ಬಿಡಬೇಕು. ಹೊಸ ಪಟ್ಟಿಯ ಹಿಂಬದಿಯಲ್ಲಿ ಮರದ ಹೆಸರು, ಕೂಡಿಸಿದ ತಾರೀಖು, ಕೆಲಸ ಮಾಡಿದ ಆಚಾರಿಯ ಹೆಸರನ್ನು ಪೆನ್ಸಿಲಿನಿಂದ ಬರೆದಿಟ್ಟರೆ, ಮುಂದೆಂದಾದರೂ ಆ ಪಟವನ್ನು ಗೋಡೆಯಿಂದ ಇಳಿಸುವವರಿಗೆ ಹಳೆಯದು ಯಾವುದು, ಹೊಸದು ಯಾವುದು ಎಂದು ಊಹಿಸುವ ಕಷ್ಟ ತಪ್ಪುತ್ತದೆ.